ಪಹಣಿಯಲ್ಲಿ ಅಜ್ಜನ ಹೆಸರು, ಕಾಲೇಜಿನಲ್ಲಿ ಮೊಮ್ಮಗಳು



ರಾಗಿ ಒಕ್ಕಣೆ ಮುಗಿದು ಕಾಳು ಮನೆ ಸೇರಿದೆ, ಹುಲ್ಲು ಮೆದೆಯಾಗಿದೆ. ತೋಪುಗಳಲ್ಲಿ ಹುಣಸೆ ಬಡಿಯುವ ಕೆಲಸ ನಡೆದಿದೆ. ಯುಗಾದಿಗೆ ಮುಂಚಿನ ಈ ಕೆಲವು ವಾರಗಳಲ್ಲಿ ಮಳೆಯಾಶ್ರಯದ ಬೇಸಾಯಗಾರನ ಕೈಗೆ ತುಸು ಬಿಡುವು ಸಿಗುತ್ತದೆ. ಈ ಸಮಯಕ್ಕೆ ಉಳುಮೆ, ಬೀಜದ ಆಯ್ಕೆ, ಕೊಟ್ಟಿಗೆ ಗೊಬ್ಬರದ ವಿಚಾರ ಬರೆಯುವುದು ಈ ಪುಟದ ವಾಡಿಕೆ. ಈ ವಾರ ಅದನ್ನು ಬದಿಗಿಟ್ಟು, ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳ ವಿದ್ಯಾರ್ಥಿವೇತನದ ವಿಚಾರ ಬರೆಯುತ್ತಿದ್ದೇನೆ. ಇದು ಬೇಸಾಯದ ವಿಷಯವಲ್ಲವೆಂದು ಪುಟ ಮಗುಚಬೇಡಿ. ಇದರ ಬೇರು ನಿಮ್ಮ ಪಹಣಿಯಲ್ಲೇ ಇದೆ.

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಗೆ ಮಣ್ಣಿನ ಮಾದರಿ ತೆಗೆಯಲು ಹೋಗಿದ್ದಾಗಿನ ಮಾತು. 2022ನೇ ಇಸವಿ. ಎರಡು ಎಕರೆಯಲ್ಲಿ ರಾಗಿ, ಒಂದಿಷ್ಟು ಹಿಪ್ಪುನೇರಳೆ ಇಟ್ಟುಕೊಂಡಿದ್ದ ರೈತರೊಬ್ಬರು ಬದುವಿನ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಬಿಎಸ್ಸಿಗೆ ಸೇರಿದ್ದಳು. ಅದರ ಹಿಂದಿನ ವರ್ಷ, 2021ರಲ್ಲಿ, ರಾಜ್ಯ ಸರ್ಕಾರ ರೈತರ ಮಕ್ಕಳಿಗೆಂದು ರೈತ ವಿದ್ಯಾನಿಧಿ ಯೋಜನೆಯನ್ನು ಆರಂಭಿಸಿತ್ತು. ಆಗಿನ ದರದಂತೆ ಪದವಿ ತರಗತಿಯ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ. ಎಂಜಿನಿಯರಿಂಗ್, ವೈದ್ಯಕೀಯ ಓದುವವರಿಗೆ 10,000 ಮತ್ತು 11,000. ಅಕ್ಕಪಕ್ಕದ ಮನೆಯ ಮಕ್ಕಳಿಗೆ ಹಣ ಬಂತು, ಇವರ ಮಗಳಿಗೆ ಬರಲಿಲ್ಲ. ಕಾರಣ ಹುಡುಕಿದರೆ, ಜಮೀನು ಇನ್ನೂ ತಾತನ ಹೆಸರಿನಲ್ಲಿತ್ತು. ತಾತ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು.

"ಸಾರ್, ನಮ್ಮಪ್ಪ ಹೋದಾಗಿಂದ ಈ ಹೊಲ ಉಳ್ತಾ ಇರೋನು ನಾನು. ಕಂಪ್ಯೂಟರ್ ಮಾತ್ರ ನನ್ನ ರೈತ ಅಲ್ಲ ಅಂತದೆ" ಎಂದರು ಅವರು. ನನಗೆ ಉತ್ತರ ಹೊಳೆಯಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ರೈತರಲ್ಲ ಎಂಬುದು ನಿಜವೇ ಆಗಿತ್ತು. ಫ್ರೂಟ್ಸ್ ಎಂಬ ರೈತರ ದಾಖಲೆಯಲ್ಲಿ ಎಫ್‌ಐಡಿ ನಂಬರ್ ಸಿಗಬೇಕಾದರೆ ಪಹಣಿಯಲ್ಲಿ ಸ್ವಂತ ಹೆಸರಿರಬೇಕು. ಆ ನಂಬರಿನ ಆಧಾರದ ಮೇಲೆಯೇ ವಿದ್ಯಾನಿಧಿಯ ಹಣ ಬಿಡುಗಡೆಯಾಗುತ್ತಿತ್ತು. ಆ ವರ್ಷ ಮನೆಯಾಕೆಯ ಓಲೆ ಅಡವಿಟ್ಟು ಕಾಲೇಜಿನ ಶುಲ್ಕ ಕಟ್ಟಿದರು.

ಐದೂವರೆ ಸಾವಿರ ಯಾವ ದೊಡ್ಡ ಹಣ ಎಂದು ಪಟ್ಟಣದವರು ಕೇಳಬಹುದು. ಮೂರು ವರ್ಷದ ಲೆಕ್ಕ ಹಾಕಿದರೆ ಹದಿನಾರೂವರೆ ಸಾವಿರ. ಮಳೆ ಕೈಕೊಟ್ಟ ವರ್ಷ ಎರಡು ಎಕರೆ ರಾಗಿಯಲ್ಲಿ ಖರ್ಚು ಕಳೆದು ಅಷ್ಟು ಉಳಿಯುತ್ತದೆಯೇ? ನೀವೇ ಹೇಳಿ.

ಇಪ್ಪತ್ತು ವರ್ಷದ ನನ್ನ ಕೆಲಸದಲ್ಲಿ ಕಂಡದ್ದು ಇಷ್ಟು. ನಮ್ಮ ಹಳ್ಳಿಯ ಮಕ್ಕಳಿಗೆ ವಿದ್ಯಾರ್ಥಿವೇತನ ತಪ್ಪುವುದು ಅಂಕ ಸಾಲದೆ ಅಲ್ಲ, ಕಾಗದ ಸರಿಯಿಲ್ಲದೆ. ಅರ್ಜಿ ಕರೆದ ಮೇಲೆ ಕಾಗದ ಹೊಂದಿಸಲು ಹೊರಡುವುದು, ಮಳೆ ಬಂದ ಮೇಲೆ ನೇಗಿಲು ಮಾಡಿಸಲು ಬಡಗಿಯ ಮನೆಗೆ ಹೋದಂತೆ.

ಮೊದಲನೆಯದಾಗಿ ಪೌತಿ ಖಾತೆ. ಹಿರಿಯರು ತೀರಿಕೊಂಡು ವರ್ಷಗಳೇ ಕಳೆದಿದ್ದರೂ ಅಣ್ಣತಮ್ಮಂದಿರ ಭಾಗದ ಮಾತು ಮುಗಿದಿಲ್ಲವೆಂದು ಖಾತೆ ಹಾಗೆಯೇ ಬಿಟ್ಟಿರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಭಾಗ ಆಗದಿದ್ದರೂ ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ವಾರಸುದಾರರ ಆಧಾರ್ ಇಟ್ಟುಕೊಂಡು ಗ್ರಾಮ ಆಡಳಿತ ಅಧಿಕಾರಿಯನ್ನು, ಅಂದರೆ ನಾವು ಇನ್ನೂ ಬಾಯಿಮಾತಿನಲ್ಲಿ ಶಾನುಭೋಗರು ಎನ್ನುವವರನ್ನು, ಕಾಣಿರಿ. ಸಾವೇ ನೋಂದಣಿಯಾಗಿರದಿದ್ದರೆ ಇನ್ನಷ್ಟು ತಡವಾಗುತ್ತದೆ. ಆದ್ದರಿಂದಲೇ ಮಗಳು ಹತ್ತನೇ ತರಗತಿಯಲ್ಲಿರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕು. ಇದರಿಂದ ವಿದ್ಯಾರ್ಥಿವೇತನ ಒಂದೇ ಅಲ್ಲ, ಬೆಳೆ ವಿಮೆ, ಬೆಂಬಲ ಬೆಲೆಗೆ ರಾಗಿ ಮಾರಾಟ, ಬಿತ್ತನೆ ಬೀಜದ ರಿಯಾಯಿತಿ ಎಲ್ಲಕ್ಕೂ ದಾರಿಯಾಗುತ್ತದೆ.

ಎರಡನೆಯದು ಹೆಸರಿನ ತೊಡಕು. ಪಹಣಿಯಲ್ಲಿ ಮುನಿಶಾಮಪ್ಪ, ಆಧಾರ್‌ನಲ್ಲಿ ಮುನಿಸ್ವಾಮಿ, ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸ್ವಾಮಪ್ಪ! ಊರಿನವರಿಗೆ ಮೂವರೂ ಒಬ್ಬರೇ, ಯಂತ್ರಕ್ಕೆ ಮೂವರು ಬೇರೆ ಬೇರೆ. ವಿದ್ಯಾರ್ಥಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್‌ನಲ್ಲೂ ಇರುವುದು ಕ್ಷೇಮ. ಅಂಕಪಟ್ಟಿ ತಿದ್ದಿಸುವುದು ಶಾಲೆ, ಪರೀಕ್ಷಾ ಮಂಡಳಿ ಎಂದು ಅಲೆದಾಟದ ಕೆಲಸ. ಆಧಾರ್ ತಿದ್ದಿಸುವುದು ಅದಕ್ಕಿಂತ ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡು ಸಲ ಮಾತ್ರ ಅವಕಾಶವಿದೆ. ಆದಕಾರಣ ಅಕ್ಷರ ಅಕ್ಷರವನ್ನೂ ಓದಿ ನೋಡಿ ಕೊಡಿರಿ, ಸೈಬರ್ ಅಂಗಡಿಯ ಹುಡುಗನ ಮೇಲೆ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಒಟಿಪಿ ಬರುವುದು ಅದಕ್ಕೇ. ಐದು ವರ್ಷದ ಹಿಂದೆ ಎಸೆದ ಸಿಮ್ಮಿಗೆ ಒಟಿಪಿ ಹೋಗಿ ಅರ್ಜಿ ನಿಂತುಹೋದದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಬ್ಯಾಂಕ್ ಖಾತೆ. ಹಣ ನೇರವಾಗಿ ಬಂದು ಸೇರುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಮೂರು ಖಾತೆ ಇದ್ದರೆ ಕೊನೆಯದಾಗಿ ಜೋಡಣೆಯಾದದ್ದಕ್ಕೆ. ಪಾಸ್‌ಬುಕ್ಕಿನ ಮೇಲೆ ಆಧಾರ್ ಸಂಖ್ಯೆ ಬರೆದಿದ್ದರೆ ಜೋಡಣೆಯಾಯಿತೆಂದು ತಿಳಿಯಬಾರದು. ಬ್ಯಾಂಕಿಗೆ ಹೋಗಿ, ಸಹಾಯಧನ ಬರಲು ಜೋಡಣೆಯಾಗಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಪಡೆಯುವುದು ನಿಮಗೆ ಗೊತ್ತೇ ಇದೆ. ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ಹೊತ್ತಿಗೆ ಮುಗಿದಿರುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕಾಗಿರುವುದರಿಂದ ದಿನಾಂಕ ನೋಡಿ ಇಟ್ಟುಕೊಳ್ಳಿ.

ಈ ಮಾತು ಬರೆಯುವಾಗ ನನ್ನ ಕತೆಯೂ ನೆನಪಾಗುತ್ತದೆ. ನಾನು ಕೃಷಿ ಪದವಿಗೆ ಸೇರಿದ ಮೊದಲ ವರ್ಷ ಆದಾಯದ ಕಾಗದ ಕೈಗೆ ಬಂದದ್ದು ಕೊನೆಯ ದಿನ ಕಳೆದು ಮೂರನೆಯ ದಿನಕ್ಕೆ. ತಪ್ಪು ಬೇರೆ ಯಾರದ್ದೂ ಅಲ್ಲ. ಕಡಲೆಕಾಯಿ ಕೀಳುವ ಕೆಲಸ ಮುಗಿಯಲಿ, ಆಮೇಲೆ ಹೋದರಾಯಿತು ಎಂದು ಅಪ್ಪ, ನಾನು ಇಬ್ಬರೂ ಸುಮ್ಮನಿದ್ದೆವು. ಆ ವರ್ಷದ ಹಾಸ್ಟೆಲ್ ಊಟದ ಹಣಕ್ಕೆ ಮನೆಯಲ್ಲಿ ಒಂದು ಜೊತೆ ಕರು ಮಾರಬೇಕಾಯಿತು.

ಈಗ ಯಾವ ಯಾವ ಸಹಾಯ ಇದೆ ಎಂಬ ವಿಚಾರ. ರಾಜ್ಯ ಸರ್ಕಾರದ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆಲ್ಲ ಎಸ್‌ಎಸ್‌ಪಿ ಎಂಬ ಒಂದೇ ಜಾಲತಾಣದಲ್ಲಿ ಅರ್ಜಿ ಹಾಕುವ ಪದ್ಧತಿಯಿದೆ. ಅರ್ಜಿ ಹಾಕುವ ಮುನ್ನ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರಗಳನ್ನು ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಸಿಕೊಂಡು ಅದರ ಸಂಖ್ಯೆ ಪಡೆಯಬೇಕು. ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆ 2013ರಲ್ಲಿ ಆರಂಭವಾದ ವಿದ್ಯಾಸಿರಿಗೂ ಇದೇ ದಾರಿ. ಆಗ ಅದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ದೊರೆಯುತ್ತಿತ್ತು. ದ್ವಿತೀಯ ಪಿಯುಸಿಯಲ್ಲಿ ಮೇಲಿನ ಸಾಲಿನ ಅಂಕ ಪಡೆದವರಿಗೆ ಕೇಂದ್ರ ಸರ್ಕಾರದ ವೇತನ ಬೇರೆ ಇದೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಇದರಲ್ಲಿ ಅರ್ಧ ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಮುಂದಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವರ್ಷಕ್ಕೆ 30,000 ರೂಪಾಯಿ ಕೊಡುವ ದೀಪಿಕಾ ವಿದ್ಯಾರ್ಥಿವೇತನ 2025ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಓದುವುದು ಸರ್ಕಾರಿ ಕಾಲೇಜಿನಲ್ಲೇ ಆದ್ದರಿಂದ ಇದನ್ನು ತಪ್ಪದೆ ವಿಚಾರಿಸಿರಿ. ರೈತ ವಿದ್ಯಾನಿಧಿಯ ಈ ಸಾಲಿನ ಸ್ಥಿತಿಯನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ, ಹಳೆಯ ಕರಪತ್ರ ನಂಬಿ ಲೆಕ್ಕ ಹಾಕಬೇಡಿ.

ಪಿಲ್ಲಗುಂಪೆಯಂಥ ಊರಿಗೆ ಇನ್ನೊಂದು ಮಾತು ಹೇಳಲೇಬೇಕು. ಅಲ್ಲಿ ಕೈಗಾರಿಕಾ ಪ್ರದೇಶ ಬಂದು ಹೊಲವಿದ್ದ ಕಡೆ ಕಾರ್ಖಾನೆ ಎದ್ದಿದೆ. ಬೆಳಿಗ್ಗೆ ಹಾಲು ಕರೆದು, ಎಂಟು ಗಂಟೆಗೆ ಫ್ಯಾಕ್ಟರಿಯ ಗೇಟಿಗೆ ಹೋಗುವ ತಂದೆಯರು ಬಹಳ. ಅವರ ಸಂಬಳದಿಂದ ವರ್ಷಕ್ಕೊಮ್ಮೆ ಸಣ್ಣ ಮೊತ್ತವೊಂದು ಕಾರ್ಮಿಕ ಕಲ್ಯಾಣ ನಿಧಿಗೆ ಕಡಿತವಾಗುತ್ತದೆ. ಚೀಟಿಯಲ್ಲಿ ಅದನ್ನು ಕಂಡು ಬೈದುಕೊಳ್ಳುವವರೇ ಹೆಚ್ಚು. ಆ ನಿಧಿಯಿಂದಲೇ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯ ಕೊಡುತ್ತದೆ. ಜಮೀನು ಹೋಗಿ ಪಹಣಿಯೇ ಇಲ್ಲದ ಮನೆಗೆ ರೈತರ ಬಾಗಿಲು ಮುಚ್ಚಿದ್ದರೂ ಈ ಬಾಗಿಲು ತೆರೆದಿರಬಹುದು. ಫ್ಯಾಕ್ಟರಿಯ ಕಚೇರಿಯಲ್ಲಿ ಸಹಿ ಬೇಕಾಗುವುದರಿಂದ ಮೊದಲೇ ಕೇಳಿಡಿ.

ಕೃಷಿ ಪದವಿ ಓದಬೇಕೆನ್ನುವ ಮಕ್ಕಳಿಗೆ ಕೃಷಿಕರ ಕೋಟಾದ ಸೀಟುಗಳಿವೆ. ನೂರಕ್ಕೆ 40 ಇದ್ದದ್ದು 50ಕ್ಕೆ ಏರಿದೆ. ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲದ ಕಡೆ ಸುಳಿಯದ ಹುಡುಗ ಅಲ್ಲಿ ಸಾಮೆಗೂ ನವಣೆಗೂ ವ್ಯತ್ಯಾಸ ತಿಳಿಯದೆ ತಡವರಿಸುತ್ತಾನೆ. ಈ ಬೇಸಿಗೆಯಲ್ಲಿ ಜೊತೆಗೆ ಕರೆದೊಯ್ಯಿರಿ. ಆದರೆ ಸಿಇಟಿಯ ಅರ್ಜಿ ಬೇಸಿಗೆಗೆ ಕಾಯುವುದಿಲ್ಲ. 2025ರಲ್ಲಿ ಪರೀಕ್ಷೆ ನಡೆದದ್ದು ಏಪ್ರಿಲ್ 16 ಮತ್ತು 17ರಂದು, ಅರ್ಜಿ ಕರೆದದ್ದು ಜನವರಿಯಲ್ಲೇ. ಪಿಯುಸಿ ಫಲಿತಾಂಶ ಬರಲಿ ಎಂದು ಕುಳಿತವರಿಗೆ ಆ ವರ್ಷ ಮುಗಿಯಿತೆಂದೇ ಲೆಕ್ಕ.

ಸರ್ಕಾರದ ಹಣಕ್ಕೆ ಕೈಯೊಡ್ಡುವುದು ಮರ್ಯಾದೆಗೆ ಕುಂದು ಎನ್ನುವ ಹಿರಿಯರು ಈಗಲೂ ಇದ್ದಾರೆ. ಪಕ್ಕದ ಚಿಕ್ಕಬಳ್ಳಾಪುರ ಸೀಮೆಯ ಮುದ್ದೇನಹಳ್ಳಿಯ ಹುಡುಗನೊಬ್ಬ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ 1881ರಲ್ಲಿ ಬಿಎ ಮುಗಿಸಿದ. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ಸಹಾಯದಿಂದ. ಆ ಹುಡುಗ ವಿಶ್ವೇಶ್ವರಯ್ಯನವರು. ಅವರಿಗೆ ಕುಂದಲ್ಲದ್ದು ನಮ್ಮ ಮಕ್ಕಳಿಗೇಕೆ ಕುಂದಾಗಬೇಕು?

ರೈತರಿಗೆ ಇಷ್ಟು ಹೇಳಿದ ಮೇಲೆ, ಅರ್ಜಿ ಕರೆಯುವವರಿಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಕೊನೆಯ ದಿನಾಂಕ ಜಾಲತಾಣದಲ್ಲಿ ಒಂದು ಸಾಲಾಗಿ ಬರುತ್ತದೆ, ಹಲವು ವೇಳೆ ಇಂಗ್ಲಿಷಿನಲ್ಲಿ. ಮುಂದೂಡಿದರೆ ಅದೂ ಅಲ್ಲೇ. ಕೊನೆಯ ಎರಡು ದಿನ ಸರ್ವರ್ ಮಿಸುಕುವುದಿಲ್ಲ. ಕೂಲಿ ಬಿಟ್ಟು ಬಂದ ತಾಯಿ ಗ್ರಾಮ ಒನ್ ಕೇಂದ್ರದ ಮುಂದೆ ಸಂಜೆಯವರೆಗೆ ಕುಳಿತು ಬರಿಗೈಯಲ್ಲಿ ಹೋಗುತ್ತಾಳೆ. ಬಿತ್ತನೆ ಬೀಜದ ದಾಸ್ತಾನನ್ನು ಹಲಗೆಯ ಮೇಲೆ ಬರೆಯುವ ನಾವು, ಪ್ರತಿ ವಿದ್ಯಾರ್ಥಿವೇತನದ ದಿನಾಂಕವನ್ನು ಕನಿಷ್ಠ ಒಂದು ತಿಂಗಳು ಮುಂಚೆ ಕನ್ನಡದಲ್ಲಿ ಪಂಚಾಯಿತಿಯ ಹಲಗೆಗೆ ಮುಟ್ಟಿಸಲಾರೆವೇ? ನನ್ನ ಇಲಾಖೆಯನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಅಲ್ಲಿಯವರೆಗೆ ಈ ಪುಟ ಓದುತ್ತಿರುವ ವಾಚನಾಲಯದಲ್ಲೇ ಕೆಲಸ ಆರಂಭವಾಗಲಿ. ಅನೇಕ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಒಬ್ಬರು ವಾರಕ್ಕೊಮ್ಮೆ ದಿನಾಂಕಗಳನ್ನು ನೋಡಿ ಗೋಡೆಗೆ ಬರೆದು ಅಂಟಿಸಲಿ. ಒಮ್ಮೆ ವೇತನ ಬಂದವರು ಮರುವರ್ಷವೂ ಅರ್ಜಿ ಹಾಕಬೇಕೆಂಬುದನ್ನು ಅದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲಿ. ಎರಡನೆಯ ವರ್ಷಕ್ಕೆ ತಾನಾಗಿ ಬರುತ್ತದೆಂದು ಸುಮ್ಮನಿದ್ದು ಕಳೆದುಕೊಂಡವರು ಬಹಳ ಮಂದಿ. ಫೋನ್ ಮಾಡಿ ವೇತನ ಮಂಜೂರಾಗಿದೆ, ಒಟಿಪಿ ಹೇಳಿ ಎನ್ನುವವರಿಗೆ ಮಾತ್ರ ಏನನ್ನೂ ಹೇಳಬೇಡಿ.

ಪಿಲ್ಲಗುಂಪೆಯ ಆ ರೈತರು ತಂಗಿಯರಿಬ್ಬರ ಒಪ್ಪಿಗೆ ಪಡೆದು ಪೌತಿ ಖಾತೆ ಮಾಡಿಸಿಕೊಂಡರು. ಆರು ತಿಂಗಳು ಹಿಡಿಯಿತು. ಮಗಳ ಪದವಿಯ ಮೊದಲ ವರ್ಷದ ಹಣ ಹೋದದ್ದು ಹೋಯಿತು, ಓಲೆ ಬಿಡಿಸಿಕೊಂಡದ್ದು ಮುಂದಿನ ಗೂಡಿನ ಫಸಲಿನಲ್ಲಿ. ಈಗ ಅವರ ಚಿಕ್ಕ ಮಗ ಪಿಯುಸಿಯಲ್ಲಿದ್ದಾನೆ. ಮೊನ್ನೆ ಸಂಪರ್ಕ ಕೇಂದ್ರಕ್ಕೆ ಬಂದಾಗ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಪಹಣಿ, ಆಧಾರ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್. ಎಲ್ಲದರಲ್ಲೂ ಹೆಸರು ಒಂದೇ. "ಇನ್ನೇನಾದ್ರೂ ಬೇಕಾ ಸಾರ್?" ಎಂದು ಕೇಳಿದರು. ಹುಡುಗನ ಫೋಟೋ ಒಂದು ಬೇಕಿತ್ತು, ಅಷ್ಟೇ.