ದೋಣಿಯ ಇಂಜಿನ್: ಜೋರು ಆಮೇಲೆ, ನಂಬಿಕೆ ಮೊದಲು



ಒಂಬತ್ತನೇ ಇಯತ್ತೆಯಲ್ಲಿ ಕಾರ್ಯ ಮತ್ತು ಶಕ್ತಿಯ ಪಾಠ ನಡೆದಿತ್ತು. ಒಬ್ಬ ಹುಡುಗ ಎದ್ದು ನಿಂತು, "ಸರ್, ಎಷ್ಟು ಹಾರ್ಸ್‌ಪವರಿನ ಇಂಜಿನ್ ಹಚ್ಚಿದ್ರ ದೋಣಿ ಎಲ್ಲಾರಕಿಂತ ಜೋರ್ ಓಡತೈತ್ರಿ?" ಅಂತ ಕೇಳಿದ. ಇಡೀ ವರ್ಗ ನಕ್ಕಿತು. ಟ್ಯಾಂಕರಿನ ದಾರಿ ಕಾಯುವ ಜತ್ತ ತಾಲ್ಲೂಕಿನಾಗ ದೋಣಿಯ ಮಾತೇ?

ನನಗೆ ನಗು ಬರಲಿಲ್ಲ. 2019ರ ಆಗಸ್ಟ್ ನೆನಪಾಯಿತು. ಆಗ ನಮ್ಮ ಜಿಲ್ಲೆಯ ಸಾಂಗಲಿಯಲ್ಲೇ, ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ನೀರು 57 ಅಡಿಗೆ ಏರಿತ್ತು. ಅಪಾಯದ ಮಟ್ಟ 45 ಅಡಿ. ಓಣಿ ಓಣಿಗಳಲ್ಲಿ ಮೋಟಾರು ದೋಣಿಗಳು ಓಡಾಡಿ ಜನರನ್ನು ಹೊರಗೆ ತಂದವು. ಅಂಥ ಸೆಳವಿನ ನಡುವೆ ಇಂಜಿನ್ ಬಂದ್ ಬಿದ್ದರೆ ಏನಾದೀತು, ಒಂದು ಕ್ಷಣ ಯೋಚಿಸಿರಿ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಒಳ್ಳೆಯ ಇಂಜಿನ್ ಅಂದರೆ ಅತಿ ಜೋರು ಓಡುವುದಲ್ಲ, ಬೇಕಾದಾಗ ನಿಲ್ಲದೇ ಇರುವುದು.

ಮೋಟಾರ್‌ಸೈಕಲ್ಲಿಗೂ ದೋಣಿಗೂ ಒಂದು ದೊಡ್ಡ ಫರಕು ಐತಿ. ಗಾಡಿಗೆ ಇಳಿಜಾರು ಸಿಗುತ್ತದೆ, ಗೇರ್ ಬದಲಿಸಬಹುದು, ಇಂಜಿನ್ನಿಗೆ ನಡುನಡುವೆ ವಿಶ್ರಾಂತಿ ಇರುತ್ತದೆ. ದೋಣಿಗೆ ಇಳಿಜಾರಿಲ್ಲ. ನೀರು ಪ್ರತಿ ಕ್ಷಣವೂ ಅದನ್ನು ಹಿಂದಕ್ಕೆ ತಡೆಯುತ್ತಲೇ ಇರುತ್ತದೆ. ಅಂದರೆ ದೋಣಿಯ ಇಂಜಿನ್ ತಾಸುಗಟ್ಟಲೆ ಘಾಟ್ ಏರಿದ ಹಾಗೆಯೇ ದುಡಿಯಬೇಕು.

ಇನ್ನೊಂದು ಲೆಕ್ಕ ನೋಡ್ರಿ. ಪ್ರೊಪೆಲ್ಲರ್ ತಿರುಗಿಸಲು ಬೇಕಾಗುವ ಸಾಮರ್ಥ್ಯವು ಅದರ ಸುತ್ತುವ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಶೇಕಡಾ 10 ಹೆಚ್ಚಾದರೆ 1.1 × 1.1 × 1.1 = 1.33, ಅಂದರೆ ಶೇಕಡಾ 33ರಷ್ಟು ಹೆಚ್ಚು ಸಾಮರ್ಥ್ಯ ಬೇಕು. ಅದೇ ವೇಗವನ್ನು ಶೇಕಡಾ 10 ಇಳಿಸಿದರೆ 0.73 ಸಾಕು. ಆದ್ದರಿಂದ ಸಣ್ಣ ಇಂಜಿನ್ನನ್ನು ಕೊನೆಯ ಉಸಿರಿನ ತನಕ ಹಿಂಡುವ ಬದಲು ಸ್ವಲ್ಪ ದೊಡ್ಡ ಇಂಜಿನ್ ಹಚ್ಚಿ ಸಮಾಧಾನದಿಂದ ಓಡಿಸುವುದೇ ಜಾಣತನ. ಸೆಳವಿಗೆ ಎದುರು ಹೋಗಲು ಸಾಮರ್ಥ್ಯ ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುತ್ತು ಎರಡು ಪಟ್ಟಾದರೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಮೇಲಿನ ಜಡತ್ವದ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು.

ಈಗ ಬಿಸಿಯ ಮಾತು. ಪೆಟ್ರೋಲು ಸುಟ್ಟಾಗ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಸುಮಾರು ಅಷ್ಟೇ ಪಾಲು ತಂಪು ಮಾಡುವ ನೀರಿಗೆ, ಉಳಿದದ್ದು ಹೊಗೆಯ ಜೊತೆ ಹೋಗುತ್ತದೆ. 40 ಹಾರ್ಸ್‌ಪವರ್ ಅಂದರೆ ಸುಮಾರು 30 ಕಿಲೋವ್ಯಾಟ್. ಅಂದರೆ ಸೆಕೆಂಡಿಗೆ ಸುಮಾರು 30 ಕಿಲೋಜೂಲ್ ಉಷ್ಣವನ್ನು ನೀರು ಹೊತ್ತು ಒಯ್ಯಬೇಕು. ಬಿಸಿಯಾಗುವ ಅಲ್ಯುಮಿನಿಯಂ 20 ಕಿಲೋ ಇದೆ ಅಂತ ಹಿಡಿಯಿರಿ. ಅದನ್ನು 1 ಡಿಗ್ರಿ ಏರಿಸಲು 18 ಕಿಲೋಜೂಲ್ ಸಾಕು. ನೀರು ನಿಂತರೆ ಒಂದು ನಿಮಿಷಕ್ಕೆ 100 ಡಿಗ್ರಿ ಏರುತ್ತದೆ!

ಈ ನೀರು ಎಲ್ಲಿಂದ ಬರುತ್ತದೆ? ದೋಣಿಯ ಹಿಂದೆ ತೂಗುವ ಇಂಜಿನ್ನಿನಲ್ಲಿ ಒಂದು ಸಣ್ಣ ರಬ್ಬರಿನ ಇಂಪೆಲ್ಲರ್ ಹೊಳೆಯ ನೀರನ್ನೇ ಮೇಲೆ ಎಳೆಯುತ್ತದೆ. ಮಹಾಪೂರದಲ್ಲಿ ಆ ನೀರಿನಲ್ಲಿ ಏನಿರುತ್ತದೆ ಹೇಳ್ರಿ? ಕೆಸರು, ಕಬ್ಬಿನ ರವದಿ, ಪ್ಲಾಸ್ಟಿಕ್ ಚೀಲ. ನೀರು ಎಳೆಯುವ ಜಾಳಿಗೆ ಮುಚ್ಚಿತೋ, ಮುಗೀತು. ಅದಕ್ಕೇ ಅನುಭವಸ್ಥ ಚಾಲಕ ಇಂಜಿನ್ನಿನಿಂದ ಹೊರಬೀಳುವ ಸಣ್ಣ ನೀರಿನ ಧಾರೆಯ ಮೇಲೆ ಸದಾ ಒಂದು ಕಣ್ಣಿಟ್ಟಿರುತ್ತಾನೆ. ಧಾರೆ ನಿಂತರೆ ಇಂಜಿನ್ ಕೂಡಲೇ ಬಂದ್ ಮಾಡಬೇಕು. ಇದು ನಿಮಗೆ ಹೊಸದೇನಲ್ಲ. ನೀರು ಬತ್ತಿದ ಬೋರಿನಾಗ ಮೋಟಾರು ಓಡಿಸಿದರೆ ಸುಟ್ಟು ಹೋಗುತ್ತದೆ ಅನ್ನುವುದು ಜತ್ತದ ಪ್ರತಿ ರೈತನ ಮಗನಿಗೂ ಮಗಳಿಗೂ ಗೊತ್ತು. ನೀರೇ ಇಲ್ಲದ ಊರು ಕಲಿಸಿದ ಪಾಠ ನೀರು ತುಂಬಿದ ಊರಿಗೂ ಬೇಕು.

ಇಂಜಿನ್ ಎಷ್ಟೇ ಚಲೋ ಇದ್ದರೂ ಮನುಷ್ಯ ತಪ್ಪಬಾರದು. ಅದೇ ಮಹಾಪೂರದಲ್ಲಿ ಪಲೂಸ್ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜನ ತುಂಬಿದ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡರು. ತೂಕದ ಮಿತಿ, ಜೀವರಕ್ಷಕ ಜಾಕೆಟ್ಟು, ಮಳೆಗಾಲಕ್ಕೆ ಮೊದಲೇ ಇಂಜಿನ್ ಚಾಲೂ ಮಾಡಿ ನೋಡುವುದು, ಹಳೆ ಪೆಟ್ರೋಲು ಚೆಲ್ಲಿ ಹೊಸದು ಹಾಕುವುದು, ಇಂಪೆಲ್ಲರ್ ಬದಲಿಸುವುದು: ಇವಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೆ ಜೀವ ಉಳಿಸುವುದು ಇವೇ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಈಗಿನ ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಕಿರ್ಲೋಸ್ಕರವಾಡಿ ಕಟ್ಟಿದರು. ಕೈಗೆ ಎಣ್ಣೆ ಹತ್ತಿಸಿಕೊಳ್ಳಲು ನಾಚದವರಿಗೆ ಈ ನೆಲ ದಾರಿ ಕೊಟ್ಟಿದೆ.

ನಮ್ಮ ಪ್ರತಿ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಹಳೆಯ ಇಂಜಿನ್ ಇರಬೇಕು, ಗುಜರಿಯದಾದರೂ ಸರಿ. ಅದನ್ನು ನೀವೇ ಬಿಚ್ಚಿ, ನೀವೇ ಜೋಡಿಸಬೇಕು. ಪಿಸ್ಟನ್ನಿನ ಚಿತ್ರ ಬರೆದು ಐದು ಅಂಕ ತಗೊಂಡವರಿಗಿಂತ, ಇಂಜಿನ್ ಯಾಕೆ ನಿಂತಿತು ಅಂತ ಹುಡುಕಿದವರೇ ನಾಳೆ ಹೊಳೆಯ ನಡುವೆ ಬೇಕಾಗುತ್ತಾರೆ. ನಿಮ್ಮ ಶಾಲೆಯಲ್ಲಿ ಗುರುಗಳನ್ನು ಈ ಮಾತು ಕೇಳಿರಿ. ಬೈಯುವುದಿಲ್ಲ, ಖುಷಿಪಡುತ್ತಾರೆ.