ಪಾಪು ಇವತ್ತು ನಿಂತಿತಾ?

ಕಳೆದ ವಸಂತದಲ್ಲಿ ನಮ್ಮ ಮನೆಗೆ ಇಬ್ಬರು ಅತಿಥಿಗಳು ಬಂದಿದ್ದರು. ವಯಸ್ಸು ಐದು ದಿನ. ಮೈತುಂಬ ಹಳದಿ-ಬೂದು ಬಣ್ಣದ ತುಪ್ಪಳ, ಮೈಗಿಂತ ದೊಡ್ಡದೆನಿಸುವ ಪಾದಗಳು. ಅವು ಹೆಬ್ಬಾತಿನ ಮರಿಗಳು.

ನಾವಿರುವುದು ಓಹಾಯೋದ ಒಂದು ಸಣ್ಣ ಊರಿನ ಅಂಚಿನಲ್ಲಿ. ಬೇಲಿಯಾಚೆ ಇರುವ ಹಿರಿಯಾಕೆ ವರ್ಷಗಟ್ಟಲೆ ಕೋಳಿ ಸಾಕಿದವರು. ಹೆಬ್ಬಾತು ಸಾಕುವುದು ಮಾತ್ರ ಅವರಿಗೂ ಹೊಸತು. ಇನ್‌ಕ್ಯುಬೇಟರಿನಲ್ಲಿ ಎರಡು ಮರಿ ಮಾಡಿಸಿದ್ದರು. ಅಷ್ಟರಲ್ಲಿ ಅವರ ಸೊಂಟದ ಆಪರೇಷನ್ನಿನ ದಿನ ಮುಂಚಿತವಾಗಿ ನಿಗದಿಯಾಯಿತು. "ಮೂರು ವಾರ ನೋಡಿಕೊಳ್ಳುತ್ತೀರಾ?" ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಎಂಟು ವರ್ಷದ ಮಗಳು "ಯೆಸ್" ಅಂದಾಗಿತ್ತು.

ಮರಿಗಳ ಜೊತೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಂದು ಶಾಖದ ದೀಪ, ಅರ್ಧ ಚೀಲ ಕೋಳಿಮರಿ ಆಹಾರ ಬಂದವು. ದಪ್ಪಗಿದ್ದವನಿಗೆ ಮಕ್ಕಳು ಗುಂಡ ಎಂದು ಹೆಸರಿಟ್ಟರು, ಸಣ್ಣದಕ್ಕೆ ಪಾಪು. "ಗೂಸ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಮಗಳು ಕೇಳಿದಾಗ ನಾನು "ಬಾತುಕೋಳಿ" ಅಂದುಬಿಟ್ಟೆ. "ಅದು ಡಕ್ ಅಲ್ವಾ?" ಎಂದಳು. ಸರಿಯಾಗಿ ಸಿಕ್ಕಿಬಿದ್ದೆ. ಇದು ಹೆಬ್ಬಾತು. ಹೆಬ್ಬೆರಳು, ಹೆಬ್ಬಾಗಿಲು, ಹೆಬ್ಬಾವು ಎಂಬ ಮಾತುಗಳ ಹಾಗೆ ದೊಡ್ಡ ಬಾತು. ಅಂದಿನಿಂದ ಎದುರುಮನೆಯ ದಢೂತಿ ಬೆಕ್ಕು ನಮ್ಮಲ್ಲಿ 'ಹೆಬ್ಬೆಕ್ಕು' ಆಗಿದೆ.

ಎರಡನೆಯ ದಿನ ಬೆಳಗ್ಗೆ ನೋಡಿದರೆ ಪಾಪು ಎದ್ದು ನಿಲ್ಲುತ್ತಿಲ್ಲ. ಏಳಲು ಹೋದರೆ ಎರಡು ಕಾಲೂ ಎರಡು ಕಡೆಗೆ ಹರಡಿ ಹೊಟ್ಟೆಯ ಮೇಲೆ ಬೀಳುತ್ತಿತ್ತು. ನೀರಿನ ಬಟ್ಟಲ ತನಕ ತಲುಪಲಾಗದೆ ಕಿರುಚುತ್ತಿತ್ತು. ಗುಂಡ ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದ. ಬೇರೆಯವರ ಮರಿ, ನಮ್ಮ ಮನೆಯಲ್ಲಿ ಸಾಯುವ ಹಾಗಿದೆ. ಮಗಳ ಕಣ್ಣಲ್ಲಿ ನೀರು ತುಂಬಿತ್ತು.

ಅಜ್ಜಿ ಕೇಳಿದ ಪ್ರಶ್ನೆ

ಪಕ್ಷಿಗಳನ್ನು ನೋಡುವ ಪಶುವೈದ್ಯರು ಎಲ್ಲ ಊರಲ್ಲೂ ಇರುವುದಿಲ್ಲ. ನಾನು ಒಂದೊಂದೇ ಕ್ಲಿನಿಕ್ಕಿಗೆ ಫೋನ್ ಮಾಡುತ್ತ ಕುಳಿತಿದ್ದೆ. ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಅಮ್ಮನ ವಿಡಿಯೋ ಕರೆ ಬಂತು. ಅಮ್ಮ ಇರುವುದು ಗದಗ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯಲ್ಲಿ. ಅವಳಿಗೆ ಇಂಗ್ಲಿಷ್ ಬಾರದು. ನನ್ನ ಮಗಳು ನಿಮ್ಮಲ್ಲಿ ಅನೇಕರ ಮಕ್ಕಳಂತೆಯೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿಯ ಜೊತೆ ಮಾತು ಸಾಮಾನ್ಯವಾಗಿ "ಊಟ ಆಯ್ತು", "ಸ್ಕೂಲ್ ಚೆನ್ನಾಗಿದೆ", "ಅಮ್ಮಂಗೆ ಕೊಡ್ತೀನಿ" ಎಂಬ ಮೂರು ವಾಕ್ಯದಲ್ಲಿ ಮುಗಿಯುತ್ತದೆ. ಉಳಿದದ್ದಕ್ಕೆ ನಾನು ದುಭಾಷಿ.

ಆ ದಿನ ದುಭಾಷಿ ಬೇರೆ ಫೋನಿನಲ್ಲಿದ್ದಳು.

"ಅಜ್ಜಿ, ಪಾಪು ಲೆಗ್ಸ್ ಸ್ಲೈಡ್ ಆಗ್ತಿದೆ" ಎಂದಳು ಮಗಳು.

"ಏನಂದ್ಯವಾ? ತಿಳೀಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಾದಳು. ನಾನು ಕಿವಿಗೆ ಫೋನ್ ಒತ್ತಿಕೊಂಡೇ ಅತ್ತ ನೋಡಿದೆ. ಅವಳು ಎರಡು ಬೆರಳನ್ನು ಕಾಲಿನಂತೆ ಮೇಜಿನ ಮೇಲೆ ನಿಲ್ಲಿಸಿ, ನಿಧಾನವಾಗಿ ಅಗಲಿಸುತ್ತ ಹೇಳಿದಳು: "ಒಂದು ಕಾಲು ಆ ಕಡೆ ಹೋಗುತ್ತೆ. ಇನ್ನೊಂದು ಈ ಕಡೆ. ಆಮೇಲೆ ಬೀಳುತ್ತೆ."

"ಹಾಂ, ಜಾರತಾವು ಅನ್ನು. ಕೆಳಗೇನ ಹಾಸೀರಿ?"

"ಪೇಪರ್."

"ಪೇಪರ್ ಮ್ಯಾಲ ಹಸಿ ಕಾಲು ನಿಲ್ತಾವೇನವಾ? ಕರು ಹುಟ್ಟಿದಾಗ ನಾವು ನುಣ್ಣನ ಬಂಡಿ ಮ್ಯಾಲ ಬಿಡೂದಿಲ್ಲ, ಹುಲ್ಲು ಹಾಸ್ತೀವಿ. ಇಲ್ಲಾಂದ್ರ ಕಾಲು ಕಿಸೀತಾವು. ಮೊದಲ ಆ ಪೇಪರ್ ತೆಗದು ಒರಟು ಬಟ್ಟಿ ಹಾಸು."

ಅಮ್ಮ ಹೆಬ್ಬಾತು ಸಾಕಿದವಳಲ್ಲ. ಆದರೆ ಮಾತು ನೂರಕ್ಕೆ ನೂರು ಸರಿ. ಮೊಟ್ಟೆಯೊಡೆದು ಬಂದ ಹೊಸತರಲ್ಲಿ ಮರಿಗಳ ಸೊಂಟದ ಕೀಲು, ಸ್ನಾಯು ಇನ್ನೂ ಗಟ್ಟಿಯಾಗಿರುವುದಿಲ್ಲ. ನುಣುಪಾದ ನೆಲದ ಮೇಲೆ ಕಾಲು ಹೊರಕ್ಕೆ ಜಾರುತ್ತಲೇ ಇದ್ದರೆ ಹಾಗೆಯೇ ಹರಡಿಕೊಂಡು ಬೆಳೆಯುತ್ತವೆ. ನಾನು ಫೋನ್ ಇಡುವಷ್ಟರಲ್ಲಿ ಮಗಳು ಪೇಪರ್ ತೆಗೆದು ಹಳೆಯ ಟರ್ಕಿ ಟವೆಲ್ ಹಾಸಿದ್ದಳು. ಪಾಪುವಿನ ಉಗುರಿಗೆ ಹಿಡಿತ ಸಿಕ್ಕಿತು. ನಿಲ್ಲಲಿಲ್ಲ, ಆದರೆ ತೆವಳಿಕೊಂಡು ನೀರಿನ ತನಕ ಹೋಯಿತು.

ವೈದ್ಯರು ಕೇಳಿದ ಪ್ರಶ್ನೆ

ಕೊನೆಗೊಂದು ಕ್ಲಿನಿಕ್ಕಿನಲ್ಲಿ ಮರುದಿನಕ್ಕೆ ಸಮಯ ಸಿಕ್ಕಿತು. ವೈದ್ಯರು ಮೊದಲು ಕೇಳಿದ್ದು ಕಾಲಿನ ಬಗ್ಗೆ ಅಲ್ಲ, ಊಟದ ಬಗ್ಗೆ. ಕೋಳಿಮರಿ ಆಹಾರ ಎಂದೆ. ತಲೆಯಾಡಿಸಿದರು.

ಬಾತು, ಹೆಬ್ಬಾತುಗಳ ಮರಿಗಳಿಗೆ ನಯಾಸಿನ್, ಅಂದರೆ ಬಿ3 ಜೀವಸತ್ವ, ಕೋಳಿಮರಿಗಿಂತ ಸುಮಾರು ಎರಡು ಪಟ್ಟು ಬೇಕು. ಆಹಾರದಲ್ಲಿನ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ನಯಾಸಿನ್ ತಯಾರಿಸಿಕೊಳ್ಳುವ ಶಕ್ತಿ ಕೋಳಿಗಿರುವಷ್ಟು ಇವಕ್ಕಿಲ್ಲ. ಕೊರತೆಯಾದರೆ ಕಾಲು ಸೊಟ್ಟಗಾಗುತ್ತದೆ, ಕಾಲಿನ ನಡುಗಂಟು ಊದುತ್ತದೆ, ಮರಿ ತೂರಾಡುತ್ತದೆ, ಕೊನೆಗೆ ಕೂತಲ್ಲೇ ಉಳಿಯುತ್ತದೆ. ಮರಿ ದಿನದಿಂದ ದಿನಕ್ಕೆ ಭಾರವಾಗುವುದರಿಂದ ತಡಮಾಡಿದಷ್ಟೂ ಸರಿಪಡಿಸುವುದು ಕಷ್ಟ.

ನೀರುಹಕ್ಕಿಗಳಿಗೆಂದೇ ತಯಾರಾದ ಆಹಾರ ಸಿಕ್ಕರೆ ಒಳ್ಳೆಯದು. ನಮ್ಮೂರಿನ ಅಂಗಡಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಔಷಧಿ ಬೆರೆಸದ ಮರಿ ಆಹಾರವನ್ನೇ ಒದ್ದೆ ಮಾಡಿ, ಒಂದು ಕಪ್ಪಿಗೆ ಒಂದೂವರೆ ಟೇಬಲ್ ಚಮಚದಷ್ಟು ಬ್ರೂವರ್ಸ್ ಯೀಸ್ಟ್ ಕಲಸಿ ಕೊಡಲು ಹೇಳಿದರು. ಬ್ರೆಡ್ ಉಬ್ಬಿಸುವ ಯೀಸ್ಟ್ ಬೇರೆ, ಅದನ್ನು ಕೊಡಬಾರದು.

ಮೂಳೆ ಮುರಿದಿರಲಿಲ್ಲ. ತನಗೆ ತಾನೇ ಅಂಟುವ ಮೆತ್ತನೆಯ ಬ್ಯಾಂಡೇಜಿನಿಂದ ಎರಡೂ ಕಾಲುಗಳನ್ನು ಸೊಂಟದಷ್ಟೇ ಅಗಲದಲ್ಲಿ ನಿಲ್ಲುವಂತೆ ಸಡಿಲವಾಗಿ ಜೋಡಿಸಿದರು. ಇದನ್ನು ವಿಡಿಯೋ ನೋಡಿ ಮನೆಯಲ್ಲೇ ಮಾಡುವವರಿದ್ದಾರೆ. ಬಿಗಿಯಾದರೆ ರಕ್ತಸಂಚಾರ ನಿಂತು ಪಾದ ತಣ್ಣಗಾಗುತ್ತದೆ, ಊದುತ್ತದೆ. ಒಮ್ಮೆಯಾದರೂ ಬಲ್ಲವರಿಂದ ತೋರಿಸಿಕೊಳ್ಳಿ.

ಹೊರಡುವಾಗ ಮಗಳು ಇಂಗ್ಲಿಷಿನಲ್ಲಿ ಕೇಳಿದಳು, ಉಳಿಯುತ್ತದಾ ಎಂದು. "ನಾಲ್ಕು ದಿನ ಕೊಟ್ಟು ನೋಡೋಣ" ಎಂದರು ವೈದ್ಯರು. ಕಾರಿನಲ್ಲಿ ನನ್ನನ್ನೂ ಕೇಳಿದಳು. "ಏನೂ ಆಗಲ್ಲ ಪುಟ್ಟಿ" ಎಂಬ ಮಾತು ಬಾಯಿಯ ತುದಿಗೇ ಬಂದಿತ್ತು. ತಡೆದುಕೊಂಡು ಹೇಳಿದೆ: "ಉಳಿಯಬಹುದು, ಉಳಿಯದೇ ಇರಬಹುದು. ಆರೈಕೆ ಮಾಡೋದು ನಮ್ಮ ಕೈಲಿದೆ." "ಆರೈಕೆ ಅಂದ್ರೆ?" ಎಂದಳು. ವಿವರಿಸಲು ಹೋಗಲಿಲ್ಲ. ಮುಂದಿನ ನಾಲ್ಕು ದಿನ ಮಾಡಿ ತಿಳಿದುಕೊಂಡಳು.

ನಾಲ್ಕು ದಿನದ ಆರೈಕೆ

ಮೊದಲ ವಾರ ಮರಿಗೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ಅಂದರೆ 90 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಬೇಕು. ವಾರಕ್ಕೆ ಮೂರು ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಸುತ್ತ ಹೋಗಬೇಕು. ಥರ್ಮಾಮೀಟರಿಗಿಂತ ಮರಿಯೇ ಚೆನ್ನಾಗಿ ಹೇಳುತ್ತದೆ. ದೀಪದಡಿ ಮುದುಡಿಕೊಂಡು ಕೂಗಿದರೆ ಚಳಿ, ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಏಳಲಾಗದ ಮರಿ ತಾನಾಗಿ ದೂರ ಹೋಗಲಾರದು, ಹಾಗಾಗಿ ನಾವೇ ನೋಡಿ ಸರಿಸಬೇಕು. ದೀಪ ಕಳಚಿ ಬಿದ್ದರೆ ಬೆಂಕಿ ಹತ್ತುವ ಅಪಾಯವಿದೆ, ಎರಡು ಕಡೆ ಬಿಗಿದು ಕಟ್ಟಿ.

ನೀರಿನ ಬಟ್ಟಲು ಕೊಕ್ಕಿನ ಜೊತೆ ಮೂಗಿನ ಹೊಳ್ಳೆಯೂ ಮುಳುಗಿ ತೊಳೆದುಕೊಳ್ಳುವಷ್ಟು ಆಳವಿರಲಿ, ಮರಿ ಬಿದ್ದು ಮುಳುಗುವಷ್ಟು ಬೇಡ. ನಾವು ಬಟ್ಟಲಲ್ಲಿ ದುಂಡು ಕಲ್ಲುಗಳನ್ನು ಹಾಕಿದೆವು. ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಪಾಪುವನ್ನು ಎತ್ತಿ ಊಟದ ಮುಂದೆ ಕೂರಿಸಿ, ಕೊಕ್ಕನ್ನು ನೀರಿಗೆ ತಾಗಿಸುತ್ತಿದ್ದೆವು. ದಿನಕ್ಕೆ ನಾಲ್ಕೈದು ಸಲ ಹೊಟ್ಟೆಯಡಿ ಕೈಕೊಟ್ಟು, ಪಾದ ಚಪ್ಪಟೆಯಾಗಿ ಟವೆಲ್ಲಿಗೆ ತಾಗುವಂತೆ ಒಂದೆರಡು ನಿಮಿಷ ನಿಲ್ಲಿಸುತ್ತಿದ್ದೆವು.

ಗುಂಡನನ್ನು ಬೇರೆ ಮಾಡಲಿಲ್ಲ. ಒಂಟಿ ಮರಿ ಕೂಗಿ ಕೂಗಿ ಸೊರಗುತ್ತದೆ. ನಡುವೆ ತಂತಿಬಲೆ ಇಟ್ಟೆವು. ತುಳಿಯಲಾಗದು, ಕಾಣುತ್ತಾನೆ. ಹೆಬ್ಬಾತಿನ ಮರಿ ಮೊಟ್ಟೆಯೊಡೆದು ಬಂದೊಡನೆ ಕಂಡ ಓಡಾಡುವ ಜೀವವನ್ನೇ ತಾಯಿ ಎಂದು ಹಿಂಬಾಲಿಸುತ್ತದೆ. ಇದನ್ನು ವಿವರವಾಗಿ ಅಧ್ಯಯನ ಮಾಡಿದ ಕೊನ್ರಾಡ್ ಲೊರೆನ್ಸ್ 1973ರಲ್ಲಿ ನೊಬೆಲ್ ಹಂಚಿಕೊಂಡರು. ಮನುಷ್ಯರನ್ನೇ ನೆಚ್ಚಿಕೊಂಡ ಹಕ್ಕಿಗೆ ಮುಂದೆ ತನ್ನವರ ಜೊತೆ ಬಾಳುವುದು ಕಷ್ಟವಾಗಬಹುದು. ಅದಕ್ಕೂ ಗುಂಡ ಬೇಕಿತ್ತು.

ಇನ್ನು ಕೈ ತೊಳೆಯುವ ವಿಚಾರ. ಆರೋಗ್ಯವಾಗಿ ಕಾಣುವ ಮರಿಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು ಇವನ್ನು ಮುಟ್ಟಬಾರದು ಎನ್ನುತ್ತದೆ ಅಮೆರಿಕದ ಸಿಡಿಸಿ. ನಾಲ್ಕು ವರ್ಷದ ಮಗನಿಗೆ ಇದು ಘೋರ ಅನ್ಯಾಯ. ಅವನನ್ನು 'ಸೋಪ್ ಪೊಲೀಸ್' ಮಾಡಿದೆವು. ಯಾರೇ ಮರಿ ಮುಟ್ಟಿ ಬಂದರೂ "ಕೈ ತೊಳ್ಕೋ!" ಎಂದು ಕೂಗುವುದು ಅವನ ಕೆಲಸ. ಅಪ್ಪನಿಗೂ ರಿಯಾಯಿತಿ ಇರಲಿಲ್ಲ. ಡಬ್ಬವನ್ನು ಅಡುಗೆಮನೆಯಿಂದ ದೂರ, ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟೆವು. ಮುದ್ದು ಬಂದರೂ ಮುತ್ತು ಕೊಡುವಂತಿಲ್ಲ.

ಪ್ರತಿದಿನ ಬೆಳಗ್ಗೆ ಅಜ್ಜಿಯ ಕರೆ. ಅವಳಿಗೆ ಸಂಜೆ, ನಮಗೆ ಶಾಲೆಗೆ ಹೊರಡುವ ಗಡಿಬಿಡಿ. "ಇವತ್ತು ನಿಂತತೇನವಾ ನಿನ್ನ ಪಾಪು?" ಮಗಳು ತೂಕದ ಚೀಟಿ ಹಿಡಿದು ವರದಿ ಕೊಡುತ್ತಿದ್ದಳು. ಮೊದಲ ದಿನ 160 ಗ್ರಾಂ. ಗುಂಡ 210. ಅವಳಿಗೆ 'ವಾಬ್ಲಿ' ಎಂಬ ಒಂದೇ ಪದ ಗೊತ್ತಿತ್ತು. ಅಜ್ಜಿಗೆ ಅದು ಸಾಲದು. "ತೂರಾಡತದೋ, ಕುಂಟತದೋ, ಮುಗ್ಗರಸತದೋ?" ಮೂರೂ ಬೇರೆ ಬೇರೆ. ಯಾವುದು ಎಂದು ಹೇಳಬೇಕಾದರೆ ಮರಿಯನ್ನು ಗಮನವಿಟ್ಟು ನೋಡಲೇಬೇಕು. ಮೂರನೆಯ ದಿನ ಓಡಿ ಹೋಗಿ ನೋಡಿ ಬಂದು ಹೇಳಿದಳು: "ಅಜ್ಜಿ, ಈಗ ಬೀಳಲ್ಲ. ಮುಗ್ಗರಿಸುತ್ತೆ."

ಐದನೆಯ ದಿನ ಬ್ಯಾಂಡೇಜು ಬಿಚ್ಚಿದಾಗ ಪಾಪು 230 ಗ್ರಾಂ. ನಿಂತಿತು. ನಾಲ್ಕು ಹೆಜ್ಜೆ ಇಟ್ಟು ಕೂತಿತು.

ಮಾತು ಎಲ್ಲಿಂದ ಬಂತು?

ನಾನು ವರ್ಷಗಳಿಂದ ಮಾಡದ ಪ್ರಯತ್ನವಿಲ್ಲ. ಭಾನುವಾರದ ಕನ್ನಡ ಶಾಲೆ, ಅಕ್ಷರದ ಪಟ, "ಕನ್ನಡದಲ್ಲೇ ಹೇಳು" ಎಂಬ ಪೀಡೆ. ಅವು ವ್ಯರ್ಥ ಎನ್ನುವುದಿಲ್ಲ, ಅವಳಿಗೆ ಅರ್ಥವಾಗುತ್ತಿದ್ದುದು ಅವುಗಳಿಂದಲೇ. ಆದರೆ ಆ ದಿನ ಅವಳ ಬಾಯಲ್ಲಿ ಕನ್ನಡ ಬಂದದ್ದಕ್ಕೆ ಕಾರಣ ಬೇರೆ. ಹೇಳಲೇಬೇಕಾದ ಸಂಗತಿಯೊಂದಿತ್ತು. ಕನ್ನಡ ಬಿಟ್ಟರೆ ಬೇರೆ ತಿಳಿಯದ, ನಿಜವಾಗಿ ತಿಳಿಯಲು ಬಯಸಿದ ಒಬ್ಬರಿದ್ದರು. ನಡುವೆ ನಾನಿರಲಿಲ್ಲ.

ಈ ಕೊನೆಯದು ನನಗೆ ಚುಚ್ಚಿದ ಮಾತು. ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು ಇಷ್ಟು ವರ್ಷ ಅಜ್ಜಿ-ಮೊಮ್ಮಗಳ ನಡುವೆ ಕುಳಿತಿದ್ದವಳು ನಾನೇ.

ಇದನ್ನು ಓದಿ ಹೆಬ್ಬಾತು ತರಲು ಹೊರಡಬೇಡಿ. ಅವು ಇಪ್ಪತ್ತು ವರ್ಷ ಬದುಕಬಲ್ಲ ಹಕ್ಕಿಗಳು. ಪಾರ್ಕಿನ ಕೊಳದ ಬಳಿ ಒಂಟಿ ಮರಿ ಕಂಡರೂ ಮನೆಗೆ ತರಬೇಡಿ. ತಾಯಿ-ತಂದೆ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತಾರೆ. ಅಮೆರಿಕದಲ್ಲಿ ಕೆನಡಾ ಹೆಬ್ಬಾತುಗಳಿಗೆ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆಯಿದೆ, ಅನುಮತಿಯಿಲ್ಲದೆ ಸಾಕುವಂತಿಲ್ಲ. ಪರವಾನಗಿ ಪಡೆದ ವನ್ಯಜೀವಿ ಪುನರ್ವಸತಿ ಕಾರ್ಯಕರ್ತರಿಗೆ ಫೋನ್ ಮಾಡಿ. ಅಜ್ಜಿಗೆ ಹೇಳುವ ಸುದ್ದಿ ಟೊಮೆಟೊ ಗಿಡದ್ದಾದರೂ ನಡೆದೀತು. ಒಂದು ಕರೆಯಲ್ಲಿ ನೀವು ಎದ್ದು ಪಕ್ಕದ ಕೋಣೆಗೆ ಹೋಗಿ ನೋಡಿ.

ಮೂರು ವಾರದ ನಂತರ ಪಕ್ಕದ ಮನೆಯಾಕೆ ವಾಕರ್ ಹಿಡಿದು ಮನೆಗೆ ಬಂದರು. ಮರಿಗಳೂ ಬೇಲಿಯಾಚೆ ಹೋದವು. ಪಾಪುವಿನ ಬಲಗಾಲು ಇನ್ನೂ ಸ್ವಲ್ಪ ಒಳಗೆ ತಿರುಗಿದೆ, ಅದು ಹಾಗೆಯೇ ಉಳಿಯಬಹುದು. ಮನೆಯಲ್ಲಿ ಮಗಳ ಮಾತು ಬಹುಪಾಲು ಮತ್ತೆ ಇಂಗ್ಲಿಷಿಗೆ ಮರಳಿದೆ. ಆದರೆ ಭಾನುವಾರ ಬೆಳಗ್ಗೆ ಬೇಲಿಯ ತನಕ ಹೋಗಿ ನೋಡಿ ಬಂದು ಅಜ್ಜಿಗೆ ಸುದ್ದಿ ಕೊಡುವುದು ತಪ್ಪಿಲ್ಲ. ಅಜ್ಜಿಯೂ ಸುದ್ದಿ ಕೊಡುತ್ತಾಳೆ. ಅವಳ ಹಳ್ಳಿಯ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೂ ಸೇರಿತು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ತೋರಿಸಬೇಕೆಂದು ಮಗಳು ಮಾತು ತೆಗೆದುಕೊಂಡಿದ್ದಾಳೆ.

ಕಳೆದ ಭಾನುವಾರ ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. "ಹೆಂಗೈತವಾ ಪಾಪು?" ಎಂಬ ಅಮ್ಮನ ದನಿ ಕೇಳಿತು.

"ಓಡತದ ಅಜ್ಜಿ" ಎಂದಳು ಮಗಳು, ಅಜ್ಜಿಯದೇ ಧಾಟಿಯಲ್ಲಿ. "ಆದ್ರ ಗುಂಡನ ಹಿಂದ."