ಗಿಟಾರು ಷರೀಫರನ್ನು ಉಳಿಸಲಿಲ್ಲ

ರಘು ದೀಕ್ಷಿತ್ ಬ್ಯಾಂಡು ಶಿಶುನಾಳ ಷರೀಫರನ್ನು ‘ಉಳಿಸಿತು’ ಎನ್ನುವವರ ಬಗ್ಗೆ ನನ್ನ ತಕರಾರಿದೆ. 2008ರ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಬರುವ ಹೊತ್ತಿಗೆ ಷರೀಫರು ಭಜನೆಗಳಲ್ಲಿ, ಸಿ. ಅಶ್ವಥ್ ಕಂಠದಲ್ಲಿ, ನಾಗಾಭರಣರ 1990ರ ಸಿನಿಮಾದಲ್ಲಿ ಗಟ್ಟಿಮುಟ್ಟಾಗಿಯೇ ಇದ್ದರು. ಜನ ಹಾಡುತ್ತಲೇ ಇದ್ದುದರಿಂದ ರಘುವಿಗೆ ಅವರು ಸಿಕ್ಕರು. ಆ ಹಾಡುಗಳಿಗೆ ಡ್ರಮ್ಸು, ವಯಲಿನ್ನು ಕೂಡಿಸಿ, ಲುಂಗಿ-ಗೆಜ್ಜೆಯಲ್ಲೇ 2011ರಲ್ಲಿ ಗ್ಲಾಸ್ಟನ್‌ಬರಿಯವರೆಗೆ ಹೋದದ್ದು ದೊಡ್ಡ ಸಾಧನೆಯೇ. ಅದನ್ನು ಉದ್ಧಾರ ಎನ್ನಬೇಡಿ.

ಈ ತಪ್ಪು ಹೊಗಳಿಕೆ ಕೊಡಗಿನಲ್ಲಿ ನಮಗೆ ದುಬಾರಿ. ದುಡಿ ಹಿಡಿದು ನಾಲ್ವರು ಹಾಡುವ ಕೊಡವ ಪಾಟ್‌ಗೂ ಯಾವುದೋ ರಾಕ್ ಬ್ಯಾಂಡು ಬಂದು ಜೀವ ಕೊಡಲಿ ಎಂದು ಕಾಯುವವರಿದ್ದಾರೆ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲೇ ಅಚ್ಚಾಗಿದೆ, ಸಾಹಿತ್ಯಕ್ಕೆ ಬರವಿಲ್ಲ. ಮದುವೆ ಮನೆಯಲ್ಲಿ ದುಡಿಗೆ ನಾಲ್ಕನೆಯ ಕೈ ಸಿಗದಿದ್ದರೆ ಗಿಟಾರು ಏನು ಮಾಡೀತು?